ಬೆಟ್ಟದ ಮೇಲಿನ ಚಿಲುಮೆ: ರಾಯಚೂರು ಕೋಟೆಯ ನೀರಿನ ಕಥೆ

ರಾಯಚೂರು: ಚಂದ್ರಬಂಡಾ, ದೇವದುರ್ಗ, ಮಾನ್ವಿ ಕಡೆಗಳಿಂದ ಬಸ್ಸಿನಲ್ಲಿ ನಗರಕ್ಕೆ ಬಂದಿಳಿಯುವವರಿಗೆ ನಿಲ್ದಾಣದ ಸಮೀಪದಲ್ಲೇ ಕೋಟೆಯ ದರ್ಶನವಾಗುತ್ತದೆ. ಈ ಕೋಟೆಯ ಕಲ್ಲುಗಳ ಬಗ್ಗೆ ಬರೆದವರು ಅನೇಕರು. ಅದರ ನೀರಿನ ಬಗ್ಗೆ ಬರೆದವರು ವಿರಳ.

ಕಾಕತೀಯರ ಕಾಲದಲ್ಲಿ, ಕ್ರಿ.ಶ. 1294ರಲ್ಲಿ, ಗೋರೆ ಗನ್ನಯ್ಯ ರೆಡ್ಡಿಯ ಆಜ್ಞೆಯಂತೆ ಕೋಟೆ ನಿರ್ಮಾಣವಾಯಿತೆಂದು ಗೋಡೆಯಲ್ಲಿರುವ ಶಾಸನ ತಿಳಿಸುತ್ತದೆ. ಶಾಸನದ ಚಪ್ಪಡಿಯೇ ಸುಮಾರು 41 ಅಡಿ ಉದ್ದ. ಅಂತಹ ಬಂಡೆಯನ್ನು ಕೋಣಗಳ ಸಾಲು ಬಂಡಿಯ ಮೇಲೆ ಎಳೆದು ತರುವ ದೃಶ್ಯವನ್ನೂ ಪಕ್ಕದಲ್ಲಿ ಕೆತ್ತಲಾಗಿದೆ. ಒಳಕೋಟೆಯ ಗೋಡೆಗೆ ಗಾರೆಯ ಬಳಕೆಯೇ ಇಲ್ಲ.

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ ಹರಿದರೂ ಎರಡೂ ಊರಿನಿಂದ ದೂರ. ಹಾಗಾದರೆ ಮುತ್ತಿಗೆಯ ಸಮಯದಲ್ಲಿ ಕೋಟೆಯೊಳಗಿನವರು ಕುಡಿದದ್ದು ಏನು? 1530ರ ದಶಕದಲ್ಲಿ ವಿಜಯನಗರದಲ್ಲಿದ್ದ ಪೋರ್ಚುಗೀಸ್ ವರ್ತಕ ಫೆರ್ನಾವೊ ನೂನಿಜ್‌ನ ಬರಹದಲ್ಲಿ ಉತ್ತರವಿದೆ. ಎತ್ತರದ ಕೋಟೆಯಲ್ಲಿ ವರ್ಷವಿಡೀ ಬತ್ತದ ಚಿಲುಮೆಯಿತ್ತು. ಅಷ್ಟು ಎತ್ತರದಲ್ಲಿ ನೀರು ಉಕ್ಕುವುದನ್ನು ಜನ ಪವಿತ್ರವೆಂದು ಭಾವಿಸಿದ್ದರು. ಜೊತೆಗೆ ಕೆರೆ, ಬಾವಿಗಳೂ ಇದ್ದುದರಿಂದ ನೀರಿಲ್ಲದೆ ಸೋಲುವ ಭಯ ಅವರಿಗಿರಲಿಲ್ಲ ಎಂದಾತ ದಾಖಲಿಸಿದ್ದಾನೆ.

ಆದ್ದರಿಂದಲೇ 1520ರಲ್ಲಿ ಕೃಷ್ಣದೇವರಾಯನ ಸೇನೆ ಬಾಯಾರಿಕೆಯನ್ನು ನಂಬಿ ಕೂರಲಿಲ್ಲ, ಗೋಡೆಗೇ ಕೈಹಾಕಿತು. ಕಿತ್ತ ಕಲ್ಲಿನ ಗಾತ್ರಕ್ಕೆ ತಕ್ಕಂತೆ ಸೈನಿಕರಿಗೆ ಹಣ ಕೊಡಲಾಗುತ್ತಿತ್ತಂತೆ! ಗೋಡೆಯ ಮೇಲಿನ ಕಾವಲುಗಾರರನ್ನು ಕ್ರಿಸ್ತೊವಾವೊ ದ ಫಿಗೇರೆದೊನ ಪೋರ್ಚುಗೀಸ್ ಕೋವಿಗಾರರು ಹಿಮ್ಮೆಟ್ಟಿಸಿದರು. ಕೋಟೆ ಬಿದ್ದದ್ದು ಹೀಗೆ.

ಎರಡು ನದಿಗಳ ನಡುವಿನ ಇಂತಹುದೇ ಮತ್ತೊಂದು ಕೋಟೆ ರಷ್ಯಾದ ನಿಜ್ನಿ ನವ್ಗೊರೊಡ್ ನಗರದಲ್ಲಿದೆ. ವೋಲ್ಗಾ ಮತ್ತು ಓಕಾ ಸಂಗಮದ ದಿಬ್ಬದ ಮೇಲಿನ ಅದರ ಇಟ್ಟಿಗೆ ಗೋಡೆ 16ನೇ ಶತಮಾನದ ಆರಂಭದ್ದು. ನದಿಗಳು ಕಾಲಬುಡದಲ್ಲಿದ್ದರೂ ಮೇಲಿನವರಿಗೆ ನೀರು ದುರ್ಲಭವಾಗಿತ್ತು. 1847ರಲ್ಲಿ ಮೊದಲ ಕೊಳವೆ ನೀರಿನ ವ್ಯವಸ್ಥೆಯೊಂದಿಗೆ ಕೋಟೆಯೆದುರಿನ ಚೌಕದಲ್ಲಿ ಕಾರಂಜಿ ಚಿಮ್ಮಿತು. ಇಂದು ಅಲಂಕಾರವೆನಿಸುವ ಅದು ಅಂದು ಜನ ಕುಡಿಯುವ ನೀರು ಹಿಡಿಯುವ ತಾಣ.

ರಾಯಚೂರಿನಲ್ಲಿ ಈಗ ಚಿಲುಮೆಯ ಅವಲಂಬನೆಯಿಲ್ಲ. ಕೃಷ್ಣಾ ನದಿ ಹಾಗೂ ತುಂಗಭದ್ರಾ ಎಡದಂಡೆ ನಾಲೆಯ ನೀರು ನಗರಕ್ಕೆ ಬರುತ್ತದೆ. ಆದರೂ 2022ರ ಮೇ–ಜೂನ್ ತಿಂಗಳಲ್ಲಿ ಕಲುಷಿತ ನಲ್ಲಿ ನೀರು ಕುಡಿದು ಹಲವರು ಮೃತಪಟ್ಟರು, ಅನೇಕರು ಆಸ್ಪತ್ರೆ ಸೇರಿದರು. ಕೋಟೆಯ ಮಗ್ಗುಲಿನ ಆಮ್ ತಲಾಬ್ ಮತ್ತು ಖಾಸ್ ಬಾವಿ ಮಾತ್ರ, ಒಂದು ಸಾರ್ವಜನಿಕರದು, ಇನ್ನೊಂದು ಅರಸು ಮನೆತನದ್ದು ಎಂಬ ಹಳೆಯ ಹೆಸರುಗಳನ್ನು ಹೊತ್ತು ಇಂದಿಗೂ ಉಳಿದಿವೆ.