ಒಂದೇ ತಟ್ಟೆಗೆ ಐದು ಕೈ: ಕೊರಿಯಾ ಶೈಲಿಯ ಟೋಫು ಫ್ರೈ

ರೂವಿಯ ನಮ್ಮ ರೂಮಿನಲ್ಲಿ ನಾವು ಐದು ಜನ. ನಾಲ್ವರಿಗೆ ರಜೆ ದಿನ ಕೋಳಿ ಬೇಕೇ ಬೇಕು. ಹಾವೇರಿ ಕಡೆಯ ನಮ್ಮ ಹಿರಿಯಣ್ಣ ಮಾತ್ರ ಮಾಂಸ, ಮೊಟ್ಟೆ ಮುಟ್ಟೋರಲ್ಲ. ಹೊಟ್ಟೆಗೆ ಆಗದೆ ಹಾಲು, ಮೊಸರೂ ಬಿಟ್ಟಿದ್ದಾರೆ. ಶುಕ್ರವಾರ ನಾವು ನೆಲಕ್ಕೆ ಪೇಪರ್ ಹಾಸಿ ಕೂತರೆ ಅವರು ಮಂಚದ ತುದಿಯಲ್ಲಿ ಅನ್ನ, ಉಪ್ಪಿನಕಾಯಿ ಇಟ್ಟುಕೊಂಡು ಒಬ್ಬರೇ ಉಣ್ಣೋರು. ಜೂನ್‌ನಿಂದ ಆಗಸ್ಟ್‌ವರೆಗೆ ಇಲ್ಲಿ ಮಧ್ಯಾಹ್ನ 12.30ರಿಂದ 3.30ರ ತನಕ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ, ನಿಜ. ಆದರೆ ಉಳಿದ ಹೊತ್ತು ಸೈಟಿನಲ್ಲಿ ದುಡಿಯೋ ಮೈಗೆ ಬರೀ ಉಪ್ಪಿನಕಾಯಿ ಸಾಲುತ್ತಾ?

ಹಾಗಾಗಿ ಕೊರಿಯಾದವರ ಖಾರ-ಸಿಹಿ ಚಿಕನ್ ಫ್ರೈಯನ್ನೇ ನಾವು ಟೋಫುವಿನಲ್ಲಿ ಮಾಡಿ ನೋಡಿದೆವು. ಟೋಫು ಅಂದರೆ ಸೋಯಾ ಹಾಲು ಒಡೆದು ಒತ್ತಿದ ಗಡ್ಡೆ, ನೋಡಲು ಪನೀರಿನಂತೆಯೇ. ಕೊರಿಯಾದಲ್ಲಿ ಅದಕ್ಕೆ ‘ದುಬು’ ಅಂತಾರೆ. ಅವರ ‘ಗೊಚುಜಾಂಗ್’ ಎಂಬ ಹುಳಿಬರಿಸಿದ ಮೆಣಸಿನ ಪೇಸ್ಟ್ ದೊಡ್ಡ ಅಂಗಡಿಗಳಲ್ಲಿ ಸಿಕ್ಕೀತು. ನಾವು ಅದರ ಬದಲು ಊರಿಂದ ತಂದ ಬ್ಯಾಡಗಿ ಮೆಣಸು ಹಾಕಿದೆವು. 2011ರಲ್ಲಿ ಜಿಐ ಮಾನ್ಯತೆ ಪಡೆದ ಈ ಮೆಣಸಿಗೆ ಖಾರ ಕಡಿಮೆ, ಬಣ್ಣ ಜಾಸ್ತಿ. ಈ ಅಡುಗೆಗೆ ಅದೇ ಬೇಕು.

ಮಾಡೋದು ಹೀಗೆ: 400 ಗ್ರಾಂ ಗಟ್ಟಿ ಟೋಫುವನ್ನು ಬಟ್ಟೆಯಲ್ಲಿ ಸುತ್ತಿ, ಮೇಲೆ ಭಾರ ಇಟ್ಟು ಅರ್ಧ ಗಂಟೆ ಬಿಡಿ. ಈ ಕೆಲಸ ತಪ್ಪಿಸಬೇಡಿ. ನೀರು ಉಳಿದರೆ ಎಣ್ಣೆ ಸಿಡಿಯುತ್ತೆ, ಟೋಫು ಗರಿಗರಿ ಆಗಲ್ಲ. ತುಂಡು ಮಾಡಿ, ಉಪ್ಪು, ಕಾಳುಮೆಣಸಿನ ಪುಡಿ, 4 ಚಮಚ ಕಾರ್ನ್‌ಫ್ಲೋರ್‌ನಲ್ಲಿ ಹೊರಳಿಸಿ. ಬಾಣಲೆಯಲ್ಲಿ ಅರ್ಧ ಇಂಚು ಎಣ್ಣೆ ಕಾಯಿಸಿ, ಸ್ವಲ್ಪಸ್ವಲ್ಪವೇ ಹಾಕಿ ಹೊಂಬಣ್ಣಕ್ಕೆ ಕರಿಯಿರಿ. ಹಿಂದೆ ಚಿಕನ್ ಕರಿದ ಎಣ್ಣೆ ಮಾತ್ರ ಬೇಡ.

ಬಿಸಿನೀರಲ್ಲಿ ನೆನೆಸಿದ 6 ಬ್ಯಾಡಗಿ ಮೆಣಸು, 4 ಎಸಳು ಬೆಳ್ಳುಳ್ಳಿ, ಚೂರು ಶುಂಠಿ ರುಬ್ಬಿ. ಮಿಕ್ಸಿ ಇಲ್ಲವಾ? ಬ್ಯಾಡಗಿ ಪುಡಿ, ಜಜ್ಜಿದ ಬೆಳ್ಳುಳ್ಳಿ ಸಾಕು. ಇದಕ್ಕೆ 2 ಚಮಚ ಸೋಯಾ ಸಾಸ್, 2 ಚಮಚ ಬೆಲ್ಲ, 1 ಚಮಚ ವಿನೆಗರ್, ಸ್ವಲ್ಪ ನೀರು ಸೇರಿಸಿ ಅಂಟಂಟಾಗುವ ತನಕ ಕುದಿಸಿ. ಒಲೆ ಆರಿಸಿ, ಟೋಫು ಹಾಕಿ ಹೊರಳಿಸಿ, ಹುರಿದ ಎಳ್ಳು ಉದುರಿಸಿ. ಸೋಯಾ ಸಾಸ್‌ನಲ್ಲೇ ಉಪ್ಪಿದೆ. ಬಿಪಿ ಇರುವವರು ಕಡಿಮೆ ಹಾಕಿಕೊಳ್ಳಿ.

ಜೊತೆಗೆ ಹಸಿ ಸಲಾಡ್: ಸೌತೆಕಾಯಿ, ಕ್ಯಾರೆಟ್, ಎಲೆಕೋಸು ತೆಳ್ಳಗೆ ಹೆಚ್ಚಿ, ನಿಂಬೆರಸ, ಒಂದೆರಡು ಹನಿ ಎಳ್ಳೆಣ್ಣೆ, ಕೊತ್ತಂಬರಿ. ಉಪ್ಪು ಊಟಕ್ಕೆ ಕೂರುವಾಗ ಹಾಕಿ, ಇಲ್ಲವಾದರೆ ನೀರು ಬಿಡುತ್ತೆ. ನಮ್ಮ ಕೋಸಂಬರಿಯ ತಮ್ಮ ಅಂದುಕೊಳ್ಳಿ.

ಅವತ್ತು ಹಿರಿಯಣ್ಣ ಎರಡು ತುಂಡು ತಿಂದು, “ಇದರಾಗ ನಮ್ಮ ಬ್ಯಾಡಗಿ ಅದ ಏನ್ರಪಾ?” ಅಂದರು. ಮಂಚದಿಂದ ಇಳಿದು ಪೇಪರ್ ಮೇಲೆ ನಮ್ಮ ಪಕ್ಕ ಕೂತರು. ಈಗ ಪ್ರತಿ ಶುಕ್ರವಾರ ಮೊದಲ ಬಾಣಲೆ ಟೋಫುವಿನದ್ದು. ನಿಮ್ಮ ರೂಮಿನಲ್ಲೂ ಒಬ್ಬರೇ ಉಣ್ಣುವವರಿದ್ದರೆ ಈ ವಾರ ಮಾಡಿ ನೋಡಿ.