ಹೆಸರಿಲ್ಲದ ದುಂಬಿಗೆ ಹೆಸರಿಡುವ ಬಗೆ

ಗಿಡದ ಬುಡ ಬಿಡಿಸುವಾಗ ತರಗೆಲೆಯ ಅಡಿಯಿಂದ ಸಾಸಿವೆ ಕಾಳಿಗಿಂತಲೂ ಚಿಕ್ಕದಾದ ಕಪ್ಪು ದುಂಬಿಗಳು ಹೊರಬೀಳುವುದನ್ನು ಸದಸ್ಯ ಬಾಂಧವರೆಲ್ಲರೂ ಕಂಡವರೇ. ಇಂಥವುಗಳ ಪೈಕಿ ಯಾವುದೋ ಒಂದು "ಹೊಸ ಜಾತಿ" ಎಂದು ಆಗಾಗ್ಗೆ ಪತ್ರಿಕೆಗಳಲ್ಲಿ ಸುದ್ದಿ ಬರುತ್ತದೆ. ಹೊಸದು ಎಂದ ಮಾತ್ರಕ್ಕೆ ಅದು ನಿನ್ನೆ ಮೊನ್ನೆ ಹುಟ್ಟಿತೆಂದು ತಿಳಿಯಬಾರದು. ನಮ್ಮ ಅಜ್ಜಂದಿರು ತೋಟ ಕಟ್ಟುವ ಮೊದಲೇ ಅದು ಅಲ್ಲಿತ್ತು. ಉಳುವವನಿದ್ದೂ ಪಹಣಿಯಲ್ಲಿ ಹೆಸರು ಸೇರದ ಜಮೀನಿನಂತೆ, ಶಾಸ್ತ್ರದ ದಾಖಲೆಯಲ್ಲಿ ಇರಲಿಲ್ಲ ಅಷ್ಟೆ. ಆ ದಾಖಲೆ ಆಗುವ ಕ್ರಮವೇನು, ಅದರಿಂದ ಬೆಳೆಗಾರರಾದ ನಮಗೆ ಏನು ಪ್ರಯೋಜನ ಎಂಬುದನ್ನು ಇಲ್ಲಿ ಸ್ಥೂಲವಾಗಿ ವಿವರಿಸುತ್ತೇವೆ.

ಮೊದಲಿಗೆ ದುಂಬಿ ಕೈಗೆ ಸಿಗಬೇಕು. ಕಾಡಿನ ತರಗನ್ನು ಜಾಲರಿಯಿರುವ ಆಲಿಕೆಯಲ್ಲಿ ಹರಡಿ, ಮೇಲೆ ವಿದ್ಯುತ್ ಬಲ್ಬು ಉರಿಸುತ್ತಾರೆ. ತರಗು ಮೇಲಿನಿಂದ ಒಣಗುತ್ತ ಬಂದಂತೆ ಹುಳುಗಳು ತಂಪನ್ನು ಅರಸಿ ಕೆಳಗಿಳಿದು, ಅಡಿಯಲ್ಲಿಟ್ಟ ಸ್ಪಿರಿಟ್ ಸೀಸೆಗೆ ಬೀಳುತ್ತವೆ. ಮುಂದಿನದು ಸೂಕ್ಷ್ಮದರ್ಶಕದ ಕೆಲಸ. ಮೀಸೆಯ ಗಂಟುಗಳೆಷ್ಟು, ಮೇಲ್ರೆಕ್ಕೆಯ ಮೇಲಿನ ಗುಳಿಗಳ ಸಾಲು ಹೇಗಿದೆ, ಕಾಲಿನ ಮುಳ್ಳುಗಳೆಷ್ಟು ಎಂದು ನೋಡಿ ಬರೆದುಕೊಳ್ಳಬೇಕು. ಹೊರಗೆ ಒಂದೇ ತರಹ ಕಾಣುವ ಎರಡು ಜಾತಿಗಳನ್ನು ಹಲವು ವೇಳೆ ಗಂಡಿನ ಜನನಾಂಗದ ಆಕಾರದಿಂದ ಮಾತ್ರ ಬೇರ್ಪಡಿಸಲು ಸಾಧ್ಯ. 1999ರಲ್ಲಿ ಮಧ್ಯ ಅಮೆರಿಕದ ನಿಕರಾಗುವಾದಿಂದ ವರ್ಣಿಸಲ್ಪಟ್ಟ ಸ್ಕೈಡೊಸೆಲ್ಲ ಎಂಬ ದುಂಬಿಯ ಉದ್ದ ಕೇವಲ 0.325 ಮಿ.ಮೀ. ವರೆಗೂ ಇಳಿಯುತ್ತದೆ ಎಂದರೆ ಈ ಕೆಲಸಕ್ಕೆ ಬೇಕಾದ ತಾಳ್ಮೆ ಎಷ್ಟೆಂದು ಊಹಿಸಬಹುದು.

ಈ ಲಕ್ಷಣಗಳನ್ನು ಈಗಾಗಲೇ ಹೆಸರಿರುವ ಹತ್ತಿರದ ಜಾತಿಗಳೊಡನೆ ಹೋಲಿಸಿ, ಯಾವುದಕ್ಕೂ ಹೊಂದದಿದ್ದರೆ ಮಾತ್ರ ಹೊಸ ಹೆಸರು. ಲಿನೇಯಸ್ ಅವರ 1758ರ ಗ್ರಂಥದಿಂದ ಮೊದಲಾದ ಪದ್ಧತಿಯಂತೆ ಹೆಸರಿಗೆ ಎರಡು ಪದ: ಮೊದಲನೆಯದು ಕುಲದ್ದು, ಎರಡನೆಯದು ಜಾತಿಯದ್ದು. ಒಂದು ದುಂಬಿಯನ್ನು ಮಾದರಿಯೆಂದು ಆರಿಸಿ ಸಂಗ್ರಹಾಲಯದಲ್ಲಿಟ್ಟು, ವರ್ಣನೆಯನ್ನು ಅಚ್ಚು ಹಾಕಿಸಬೇಕು. ಮುಂದೆ ಎಂದಾದರೂ ಸಂದೇಹ ಬಂದರೆ ಆ ಮಾದರಿಯೇ ಸಾಕ್ಷಿ. ನಮ್ಮ ದೇಶದ 2002ರ ಜೀವವೈವಿಧ್ಯ ಕಾಯಿದೆಯೂ ಹೊಸದಾಗಿ ಪತ್ತೆಯಾದ ಜೀವಿಯ ಮಾದರಿಯನ್ನು ಸರ್ಕಾರ ಗೊತ್ತುಪಡಿಸಿದ ಭಂಡಾರದಲ್ಲಿ ಇಡಬೇಕೆಂದು ವಿಧಿಸಿದೆ.

ಇಷ್ಟೆಲ್ಲ ಶ್ರಮ ಯಾತಕ್ಕೆ ಎಂಬ ಪ್ರಶ್ನೆಗೆ ನಮ್ಮ ಕಾಫಿಯ ಕಾಯಿಕೊರಕವೇ ಉತ್ತರ. ಇದರ ಮೂಲ ಮಧ್ಯ ಆಫ್ರಿಕ. ನಿಡಗುಂದಿ, ಆಲಮಟ್ಟಿ ಕಡೆಯ ಬಯಲುಸೀಮೆಯವರಿಗೆ ಜೋಳದ ಚೀಲದ ನುಸಿ ಪರಿಚಿತ. ಕಾಯಿಕೊರಕದ ಹೆಣ್ಣು ಅದರ ಅರ್ಧದಷ್ಟು, ಅಂದರೆ ಸುಮಾರು ಒಂದೂವರೆ ಮಿ.ಮೀ. ಉದ್ದ. ಫ್ರಾನ್ಸಿಗೆ ಬಂದ ಕಾಫಿ ಬೀಜದಲ್ಲಿ ದೊರೆತ ಈ ದುಂಬಿಯನ್ನು 1867ರಲ್ಲಿ ಫೆರಾರಿ ಎಂಬವರು ವರ್ಣಿಸಿದರು. ಆಗ ಕ್ರಿಫಾಲಸ್ ಕುಲಕ್ಕೆ ಸೇರಿಸಿದ್ದನ್ನು ನಂತರದವರು ಸ್ಟೆಫನೊಡೆರಿಸ್ ಎಂದು, ಈಗ ಹೈಪೊಥೆನಮಸ್ ಎಂದು ಕರೆದಿದ್ದಾರೆ. ಕುಲ ಬದಲಾದರೂ 'ಹ್ಯಾಂಪಿಯೈ' ಎಂಬ ಎರಡನೆಯ ಪದ ಹಾಗೆಯೇ ಉಳಿದಿದೆ.

1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಇದು ಭಾರತದಲ್ಲಿ ಮೊದಲ ಸಲ ಕಾಣಿಸಿಕೊಂಡಿತು. ಮುಂದೆ ಕೊಡಗಿಗೂ ಹಬ್ಬಿತು. ಹೆಸರು ಗೊತ್ತಾದ ಕೂಡಲೆ ಬೇರೆ ದೇಶಗಳಲ್ಲಿ ಅದರ ಬಗ್ಗೆ ತಿಳಿದಿದ್ದೆಲ್ಲವೂ ನಮಗೆ ದೊರೆಯಿತು. ಹೆಣ್ಣು ಕಾಯಿಯ ತುದಿಯಲ್ಲಿ ಕೊರೆದು ಬೀಜದೊಳಗೆ ಮೊಟ್ಟೆಯಿಡುತ್ತದೆ. ಹಾರಲಾರದ ಗಂಡು ಅಲ್ಲಿಯೇ ಉಳಿಯುತ್ತದೆ. ಕೊಯ್ಲಿನ ನಂತರ ಗಿಡದಲ್ಲೂ ನೆಲದಲ್ಲೂ ಉಳಿದ ಕಾಯಿಯೇ ಮುಂದಿನ ವರ್ಷದ ಪೀಡೆಗೆ ಆಸರೆ. ಉದುರಿದ ಕಾಯಿ ಆಯುವುದು, ಸಕಾಲದಲ್ಲಿ ಕೊಯ್ಲು ಮುಗಿಸುವುದು, ಚೆನ್ನಾಗಿ ಒಣಗಿಸುವುದು ಎಂಬ ಸಲಹೆಗಳೆಲ್ಲ ಈ ತಿಳಿವಳಿಕೆಯಿಂದ ಬಂದವು. ಹೆಸರಿಲ್ಲದ ಹುಳುವಾಗಿದ್ದರೆ ಇದನ್ನೆಲ್ಲ ಮೊದಲಿನಿಂದ ಕಲಿಯಬೇಕಿತ್ತು; ಅಷ್ಟು ವರ್ಷ ನಷ್ಟ ಬೆಳೆಗಾರನ ತಲೆಗೆ ಬೀಳುತ್ತಿತ್ತು.

ಸಣ್ಣ ದುಂಬಿಗಳೆಲ್ಲ ಶತ್ರುಗಳೆಂದೂ ಭಾವಿಸಬಾರದು. ಹಿಟ್ಟು ತಿಗಣೆಯನ್ನು ತಿನ್ನುವ ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ದುಂಬಿಯನ್ನು ಆಸ್ಟ್ರೇಲಿಯದಿಂದ 1898ರಲ್ಲಿ ನಮ್ಮ ದೇಶಕ್ಕೆ ತರಿಸಲಾಯಿತು. ಅದರ ಮರಿಯ ಮೈಮೇಲೆ ಬಿಳಿಯ ಮೇಣದ ಎಳೆಗಳಿದ್ದು, ನೋಡಿದರೆ ಹಿಟ್ಟು ತಿಗಣೆಯಂತೆಯೇ ಕಾಣುತ್ತದೆ. ಗುರುತಿಸಲಾರದೆ ಔಷಧಿ ಹೊಡೆದರೆ ನಮ್ಮ ಕಾವಲುಗಾರನನ್ನು ನಾವೇ ಕೊಂದಂತೆ. ಅತ್ತ ಗೋದಾಮಿನಲ್ಲಿ ಕಾಫಿ ಬೀಜಕ್ಕೂ ಅಡಿಕೆಗೂ ಬೀಳುವ ಅರೆಸೀರಸ್ ಎಂಬ ಮತ್ತೊಂದು ದುಂಬಿಯಿದೆ. ಅದು ಕಾಯಿಕೊರಕಕ್ಕಿಂತ ದೊಡ್ಡದು. ಅದಕ್ಕೆ ಮದ್ದು ಗೋದಾಮಿನಲ್ಲಿ, ಕಾಯಿಕೊರಕಕ್ಕೆ ತೋಟದಲ್ಲಿ.

ದುಂಬಿ ಹುಡುಕುವ ಕೆಲಸ ನಮ್ಮ ನಾಡಿಗೆ ಹೊಸದಲ್ಲ. ಉತ್ತರ ಕನ್ನಡದ ಅರಣ್ಯಾಧಿಕಾರಿಯಾಗಿದ್ದು ಕಾರವಾರದಲ್ಲಿ ನೆಲೆಸಿದ್ದ ಟಿ. ಆರ್. ಬೆಲ್ ಅವರು (1863–1948) ಅಲ್ಲಿನ ಕಾಡಿನ ಕೀಟಗಳನ್ನು ಕೂಡಿಸಿದರು. ನೆಲದ ದುಂಬಿಗಳ ಬಗ್ಗೆ ಎಚ್. ಇ. ಆಂಡ್ರೂಸ್ ಅವರು 1929 ಮತ್ತು 1935ರಲ್ಲಿ ಪ್ರಕಟಿಸಿದ ಸಂಪುಟಗಳಲ್ಲಿ ಕೆನರಾ ಕಾಡಿನ ದುಂಬಿಗಳೂ ಇವೆ. ಹಾಗಿದ್ದರೂ ಹೆಸರಿಲ್ಲದವು ಇನ್ನೂ ಉಳಿದಿವೆ. ಒಂದೇ ಕಣಿವೆಯ ತರಗಿನಲ್ಲಿ ಬದುಕುವ ಜಾತಿಯಿದ್ದರೆ, ಅಲ್ಲಿನ ನೆರಳು ಮರ ಕಡಿದ ದಿನ ಅದು ಹೆಸರು ಪಡೆಯದೆಯೇ ಅಳಿಯುತ್ತದೆ. ಅದು ಮಿತ್ರನಾಗಿತ್ತೋ ಶತ್ರುವಾಗಿತ್ತೋ, ಯಾರೂ ಹೇಳಲಾರರು.

ಆದುದರಿಂದ ಸದಸ್ಯ ಬಾಂಧವರಲ್ಲಿ ನಮ್ಮ ಕೋರಿಕೆ ಇಷ್ಟೆ. ಅಪರಿಚಿತ ದುಂಬಿ ಗಿಡದಲ್ಲಾಗಲಿ, ಕಾಯಿಯಲ್ಲಾಗಲಿ ಕಂಡರೆ ಹೊಸಕಿ ಹಾಕಬೇಡಿ. ಗುರುತು ತಿಳಿಯುವ ಮೊದಲು ಔಷಧಿಯನ್ನೂ ಹೊಡೆಯಬೇಡಿ. ಐದಾರನ್ನು ಸ್ಪಿರಿಟ್ ತುಂಬಿದ ಸಣ್ಣ ಸೀಸೆಯಲ್ಲಿ ಹಾಕಿ. ಊರು, ತಾರೀಖು, ಯಾವ ಗಿಡದ ಯಾವ ಭಾಗ ಎಂಬುದನ್ನು ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದು ಒಳಗೇ ಇಡಿ. ಶಾಯಿಯಾದರೆ ಸ್ಪಿರಿಟ್ಟಿನಲ್ಲಿ ಕರಗಿಹೋಗುತ್ತದೆ. ಕಾಫಿಯದಾದರೆ ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಗೆ, ಅಡಿಕೆಯದಾದರೆ ವಿಟ್ಲದ ಸಂಶೋಧನಾ ಕೇಂದ್ರಕ್ಕೆ ತಲುಪಿಸಿ. ಚೀಟಿಯಿಲ್ಲದ ದುಂಬಿಯಿಂದ ಶಾಸ್ತ್ರಜ್ಞರಿಗೂ ಹೆಚ್ಚಿನ ಉಪಯೋಗವಿಲ್ಲ ಎಂಬುದನ್ನು ಮರೆಯಬಾರದಾಗಿ ವಿನಂತಿ.