ಹಸಿರು ಕೆರೆಯಲ್ಲಿ ಸತ್ವವಿಲ್ಲದ ಮೇವು

"ಕೆರೆ ಹಸಿರಾದ್ರೆ ಮೀನಿಗೆ ಮೇವು ಜಾಸ್ತಿ ಅಲ್ವಾ ಮೇಷ್ಟ್ರೇ?" ಮೈಸೂರಿನ ಸುತ್ತಮುತ್ತಲ ಕೆರೆಗಳಿಗೆ ನೀರಿನ ಮಾದರಿ ತರಲು ಹೋದಾಗ ಮೀನು ಹಿಡಿಯುವವರು ಕೇಳುವ ಪ್ರಶ್ನೆ ಇದು. ಪ್ರಾಣಿಶಾಸ್ತ್ರ ಪಾಠ ಹೇಳಿ ನಿವೃತ್ತನಾದ ನನ್ನ ಉತ್ತರ ಇಷ್ಟೇ: ಮೇವು ಜಾಸ್ತಿ, ಸತ್ವ ಕಡಿಮೆ.

ಪಾಚಿಯಲ್ಲೂ ಜಾತಿಗಳಿವೆ. ತಿಳಿನೀರಿನಲ್ಲಿ ಬೆಳೆಯುವ ಡಯಾಟಮ್, ಕ್ರಿಪ್ಟೊಫೈಟ್‌ಗಳಂಥ ಸೂಕ್ಷ್ಮ ಪಾಚಿಗಳು ಒಮೆಗಾ-3 ಕೊಬ್ಬಿನಾಮ್ಲಗಳನ್ನು ತಯಾರಿಸುತ್ತವೆ. ಮೀನೆಣ್ಣೆ ಮಾತ್ರೆಯ ಡಬ್ಬಿಯ ಮೇಲೆ ಬರೆದಿರುವ ಇಪಿಎ, ಡಿಎಚ್‌ಎ ಇವೇ. ನಮ್ಮ ಹೃದಯಕ್ಕೂ ಮಿದುಳಿಗೂ ಬೇಕಾದ ಇವುಗಳನ್ನು ಮೀನು ಬಹುಪಾಲು ತನ್ನ ಮೇವಿನಿಂದಲೇ ಪಡೆಯುತ್ತದೆ. ಅವು ಮೊದಲು ಹುಟ್ಟುವುದು ಪಾಚಿಯಲ್ಲಿ.

ಕೆರೆಗೆ ಒಳಚರಂಡಿ ನೀರು, ಸೋಪಿನ ಪುಡಿಯ ನೀರು, ಹೊಲದ ಗೊಬ್ಬರ ಹರಿದು ಬಂದರೆ ರಂಜಕ ಹೆಚ್ಚುತ್ತದೆ. ಅದಕ್ಕೆ ಬೇಸಿಗೆಯ ಬಿಸಿಯೂ ಸೇರಿದರೆ ಮೈಕ್ರೊಸಿಸ್ಟಿಸ್‌ನಂಥ ನೀಲಿ-ಹಸಿರು ಪಾಚಿ ಮೇಲುಗೈ ಪಡೆಯುತ್ತದೆ. ನಿಜಕ್ಕೂ ಇವು ಸೈನೊಬ್ಯಾಕ್ಟೀರಿಯಾ. ಜೀವಕೋಶದೊಳಗಿನ ಗಾಳಿಚೀಲಗಳ ನೆರವಿನಿಂದ ತೇಲಿ ಬಂದು ನೀರಿನ ಮೇಲೆ ಬಣ್ಣ ಬಳಿದಂತೆ ಹರಡುತ್ತವೆ. ಇವುಗಳಲ್ಲಿ ಇಪಿಎ, ಡಿಎಚ್‌ಎ ಇಲ್ಲವೆಂದೇ ಹೇಳಬೇಕು. ಸ್ಟೆರಾಲ್ ಎಂಬ ಕೊಬ್ಬಿನಂಥ ವಸ್ತು ಕೂಡ ಇಲ್ಲ.

ಇದರ ಪರಿಣಾಮ ಮೊದಲು ಕಾಣುವುದು ಡಾಫ್ನಿಯಾ ಎಂಬ ನೀರುಚಿಗಟದಲ್ಲಿ. ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಅದರ ಪಾರದರ್ಶಕ ಮೈಯೊಳಗೆ ಗುಂಡಿಗೆ ಬಡಿಯುವುದು, ಹಸಿರು ತುಂಬಿದ ಕರುಳು, ಬೆನ್ನಚೀಲದ ಮೊಟ್ಟೆಗಳು ಎಲ್ಲ ಕಾಣುತ್ತವೆ. ಕೂದಲಿನಂಥ ಎಳೆಗಳಿರುವ ಕಾಲುಗಳನ್ನು ಸತತ ಆಡಿಸುತ್ತ ನೀರು ಸೋಸಿ ಪಾಚಿ ತಿನ್ನುತ್ತದೆ. ಹಸಿರುಗಟ್ಟಿದ ಕೆರೆಯ ನೀರಿನಲ್ಲಿ ಬಿಟ್ಟು ನೋಡಿ: ದಾರದಂಥ ಪಾಚಿಯೂ ದೊಡ್ಡ ಗುಂಪುಗಳೂ ಸಿಕ್ಕಿಕೊಂಡು, ಬಾಲದ ಕಡೆಯ ಉಗುರಿನಿಂದ ಅವನ್ನು ಮತ್ತೆ ಮತ್ತೆ ಕಿತ್ತೆಸೆಯುತ್ತದೆ. ಜೊತೆಗೆ ಒಳ್ಳೆಯ ಆಹಾರವೂ ಹೊರಹೋಗುತ್ತದೆ. ಒಳಗೆ ಹೋದದ್ದರಲ್ಲೂ ಪೊರೆ ಕಳಚಲು, ಮರಿ ಹಾಕಲು ಬೇಕಾದ ಸ್ಟೆರಾಲ್, ಒಮೆಗಾ-3 ಇರುವುದಿಲ್ಲ. ಹೊಟ್ಟೆ ತುಂಬಿದರೂ ಮೈ ಬೆಳೆಯದು.

ಕಾಟ್ಲಾದಂಥ ಮೇಲ್ನೀರಿನ ಮೀನುಗಳ ಮುಖ್ಯ ಆಹಾರ ಇಂಥ ಸೂಕ್ಷ್ಮಪ್ರಾಣಿಗಳು. ಅವುಗಳಲ್ಲಿನ ಒಮೆಗಾ-3 ಕೊರತೆ ಹಂತ ಹಂತವಾಗಿ ಮೇಲಕ್ಕೆ ಏರುತ್ತದೆ. ಫಿನ್ಲೆಂಡಿನ ಸರೋವರಗಳ ಬಗ್ಗೆ 2016ರಲ್ಲಿ ಪ್ರಕಟವಾದ ಅಧ್ಯಯನ ಇದನ್ನು ಪರ್ಚ್ ಎಂಬ ಮೀನಿನಲ್ಲಿ ತೋರಿಸಿತು: ರಂಜಕ ತುಂಬಿದ ಸರೋವರಗಳ ಪರ್ಚ್‌ನಲ್ಲಿ ಇಪಿಎ, ಡಿಎಚ್‌ಎ ಅಂಶ ತಿಳಿನೀರಿನ ಪರ್ಚ್‌ಗಿಂತ ಕಡಿಮೆಯಿತ್ತು. ತಕ್ಕಡಿ ಹೇಳುವ ತೂಕ ಮೀನಿನ ಸತ್ವವನ್ನು ಹೇಳುವುದಿಲ್ಲ.

ಆರೋಗ್ಯಕ್ಕೆಂದು ತಿನ್ನುವ ಸ್ಪಿರುಲಿನಾ ಕೂಡ ನೀಲಿ-ಹಸಿರು ಪಾಚಿಯೇ ಅಲ್ಲವೇ ಎಂದು ಕೇಳುವವರಿದ್ದಾರೆ. ಹೌದು. ಆದರೆ ಅದನ್ನು ಶುದ್ಧ ತೊಟ್ಟಿಗಳಲ್ಲಿ ಪ್ರೋಟೀನ್‌ಗಾಗಿ ಬೆಳೆಸುತ್ತಾರೆ. ಮೈಕ್ರೊಸಿಸ್ಟಿಸ್‌ನ ಕಥೆ ಬೇರೆ. ಅದರ ಹಲವು ತಳಿಗಳು ಮೈಕ್ರೊಸಿಸ್ಟಿನ್ ಎಂಬ ವಿಷ ಉತ್ಪಾದಿಸುತ್ತವೆ. ಅದು ಮೀನಿನ ಪಿತ್ತಜನಕಾಂಗದಲ್ಲಿ ಸೇರಿಕೊಳ್ಳುತ್ತದೆ, ಕುದಿಸಿದರೂ ನಾಶವಾಗುವುದಿಲ್ಲ.

ಕೆರೆ ಹೀಗೆ ಹಸಿರುಗಟ್ಟುವುದು ಸರಿಪಡಿಸಲಾಗದ ಕೇಡಲ್ಲ. ಅಮೆರಿಕದ ಸಿಯಾಟಲ್ ನಗರದ ಪಕ್ಕದ ವಾಷಿಂಗ್ಟನ್ ಸರೋವರದಲ್ಲಿ 1955ರಲ್ಲಿ ಆಸಿಲೇಟೋರಿಯಾ ಎಂಬ ದಾರದಂಥ ಪಾಚಿ ಕಾಣಿಸಿತು. ಕಾರಣ ಊರಿನ ಕೊಳಚೆ ಎಂದು ವಿಜ್ಞಾನಿ ಡಬ್ಲ್ಯು. ಟಿ. ಎಡ್ಮಂಡ್ಸನ್ ಜನರಿಗೆ ಬಿಡಿಸಿ ಹೇಳಿದರು. 1958ರಲ್ಲಿ ಕೊಳಚೆ ತಡೆಯುವ ಯೋಜನೆಗೆ ಮತದಾರರು ಒಪ್ಪಿಗೆ ಕೊಟ್ಟರು. 1963ರಿಂದ 1968ರ ನಡುವೆ ಕೊಳಚೆಯನ್ನು ಬೇರೆಡೆಗೆ ತಿರುಗಿಸಲಾಯಿತು. ಆಸಿಲೇಟೋರಿಯಾ ಕುಗ್ಗಿತು. 1976ರ ಹೊತ್ತಿಗೆ ಡಾಫ್ನಿಯಾ ಹೇರಳವಾಗಿ, ನೀರು ಇನ್ನಷ್ಟು ತಿಳಿಯಾಯಿತು.

ನಮ್ಮ ಕೆರೆಗಳಿಗೂ ಇದೇ ದಾರಿ. ಮೇಲಿನ ಪಾಚಿ ಬಾಚಿ ತೆಗೆದರೆ ಸಾಲದು, ರಂಜಕ ಒಳಬರುವ ಬಾಗಿಲು ಮುಚ್ಚಬೇಕು. ನಿಮ್ಮೂರಿನ ಕೆರೆಗೆ ಯಾವ ಮೋರಿ ಸೇರುತ್ತದೆ ಎಂದು ಒಮ್ಮೆ ಹೋಗಿ ನೋಡಿ, ಪಂಚಾಯಿತಿಯಲ್ಲೋ ನಗರಸಭೆಯಲ್ಲೋ ಕೇಳಿ. ದಪ್ಪಗೆ ಹಸಿರುಗಟ್ಟಿದ ಕೆರೆಯ ಮೀನನ್ನು ಆ ದಿನಗಳಲ್ಲಿ ತರಬೇಡಿ. ಕೆರೆ ಚೆನ್ನಾಗಿದ್ದರೆ ಮಾತ್ರ ಮೀನು ಚೆನ್ನಾಗಿರುತ್ತದೆ.